ಚೀಟಿಯಲ್ಲಿ ಉಳಿದ ಅರ್ಧ ಹೆಸರು: ಡಾ. ಜಾರ್ಜ್ ಪ್ಯಾಪನಿಕೊಲಾವ್

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಕಡೆಯ ಹೆಣ್ಣುಮಕ್ಕಳು ಬಿಳಿಸೆರಗು ನಿಲ್ಲುತ್ತಿಲ್ಲವೆಂದೋ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತೆಂದೋ ಮೈಸೂರಿನ ಆಸ್ಪತ್ರೆಗಳಿಗೆ ಬಂದಾಗ ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಅನೇಕ ಸಲ ಒಂದು ಪುಟ್ಟ ಪದವಿರುತ್ತದೆ: ಪ್ಯಾಪ್. ಚೀಟಿ ಹಿಡಿದವರ ಪಾಲಿಗೆ ಅದು ಎಕ್ಸ್-ರೇ, ಸ್ಕ್ಯಾನಿಂಗ್‌ಗಳ ಹಾಗೆ ಮತ್ತೊಂದು ಇಂಗ್ಲಿಷ್ ಪದ. ವಾಸ್ತವವಾಗಿ ಅದು ಇಂಗ್ಲಿಷೇ ಅಲ್ಲ. ಗ್ರೀಸ್ ದೇಶದ ದ್ವೀಪವೊಂದರಲ್ಲಿ ಹುಟ್ಟಿ, ನ್ಯೂಯಾರ್ಕ್ ಸೇರಿ, ಅಲ್ಲಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ 47 ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತ ಡಾ. ಜಾರ್ಜ್ ಪ್ಯಾಪನಿಕೊಲಾವ್ ಅವರ ಮನೆತನದ ಹೆಸರಿನ ಮೊದಲ ತುಂಡು ಅದು. ಉಚ್ಚರಿಸಲು ಕಷ್ಟವೆಂದು ಅಮೆರಿಕದ ವೈದ್ಯರು ಹೆಸರನ್ನು ಮೊಟಕುಗೊಳಿಸಿದರು. ಮೊಟಕುಗೊಂಡ ಆ ಹೆಸರೇ ಲೋಕವನ್ನೆಲ್ಲ ಸುತ್ತಿತು.

ಗರ್ಭಕೋಶದ ಬಾಯಿಯ ಭಾಗಕ್ಕೆ ಗರ್ಭಕೊರಳು ಎಂದು ಹೆಸರು. ಅಲ್ಲಿ ಹುಟ್ಟುವ ಕ್ಯಾನ್ಸರ್ ಅವಸರದ ರೋಗವಲ್ಲ. ಮೇಲ್ಪದರದ ಜೀವಕೋಶಗಳು ರೂಪಗೆಡಲು ಆರಂಭಿಸಿದ ದಿನದಿಂದ ಅವು ಕ್ಯಾನ್ಸರ್ ಆಗಿ ಒಳಗಿಳಿಯುವ ದಿನದವರೆಗೆ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ನೋವಿಲ್ಲ, ರಕ್ತಸ್ರಾವವಿಲ್ಲ. ಆದರೆ ಕಾಣಬಲ್ಲ ಕಣ್ಣಿಗೆ ಗುರುತು ಇದೆ. ಆಗಲೇ ಪತ್ತೆಯಾದರೆ ಹೊರರೋಗಿ ವಿಭಾಗದಲ್ಲಿಯೇ ಮುಗಿಯುವ ಪುಟ್ಟ ಚಿಕಿತ್ಸೆ ಸಾಕು. ಹೀಗೆ ಇಷ್ಟೊಂದು ಮುಂಚಿತವಾಗಿ ಸೂಚನೆ ಕೊಡುವ ಕ್ಯಾನ್ಸರ್‌ಗಳು ಬಹಳ ಇಲ್ಲ. ಆದಾಗ್ಯೂ 2022ರ ಜಾಗತಿಕ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ರೋಗ ತಗುಲಿತು. ಸುಮಾರು 80 ಸಾವಿರ ಮಂದಿ ಅಸುನೀಗಿದರು. ರೋಗ ಕೊಟ್ಟ ಹತ್ತು ವರ್ಷದ ಅವಕಾಶ ಯಾರ ಕಣ್ಣಿಗೂ ಬೀಳದೆ ಹೋಯಿತೆಂದೇ ಇದರ ಅರ್ಥ. ಆ ಅವಕಾಶವನ್ನು ಮೊಟ್ಟಮೊದಲು ಗಾಜಿನ ಪಟ್ಟಿಯ ಮೇಲೆ ಹಿಡಿದು ತೋರಿಸಿದವರ ಸಾಲಿನಲ್ಲಿ ಪ್ಯಾಪನಿಕೊಲಾವ್ ಪ್ರಮುಖರು.

ಅವರು ಜನಿಸಿದ್ದು 1883ರ ಮೇ 13ರಂದು, ಯೂಬಿಯಾ ದ್ವೀಪದ ಕಿಮಿ ಎಂಬ ಕಡಲತೀರದ ಊರಿನಲ್ಲಿ. ತಂದೆ ನಿಕೊಲಾಸ್ ಊರಿನ ವೈದ್ಯರು, ಒಂದು ಅವಧಿಗೆ ಮೇಯರ್ ಕೂಡ ಆಗಿದ್ದವರು. ತಾಯಿಗೆ ಸಾಹಿತ್ಯ, ಸಂಗೀತಗಳ ಒಲವು. ಮಗ ತನ್ನಂತೆಯೇ ವೈದ್ಯನಾಗಬೇಕು, ಅದರಲ್ಲಿಯೂ ಸೇನೆಯ ವೈದ್ಯನಾದರೆ ನಿಶ್ಚಿಂತೆ ಎಂಬುದು ತಂದೆಯ ಲೆಕ್ಕಾಚಾರವಾಗಿತ್ತು. ಮಗನಿಗೆ ಪಿಟೀಲು, ತತ್ತ್ವಶಾಸ್ತ್ರಗಳ ಸೆಳೆತ. ಕೊನೆಗೆ ತಂದೆಯ ಮಾತೇ ನಡೆದು, 1904ರಲ್ಲಿ ಅಥೆನ್ಸ್ ವಿಶ್ವವಿದ್ಯಾಲಯದಿಂದ ಉನ್ನತ ಶ್ರೇಣಿಯಲ್ಲಿ ವೈದ್ಯ ಪದವಿ ಪಡೆದಾಗ ಜಾರ್ಜ್‌ಗೆ 21 ವರ್ಷ. ಸೇನೆಯಲ್ಲಿ ಕಡ್ಡಾಯ ಸೇವೆ ಮುಗಿಸಿ ಊರಿಗೆ ಮರಳಿ, ಊರಾಚೆ ದೂಡಲ್ಪಟ್ಟಿದ್ದ ಕುಷ್ಠರೋಗಿಗಳ ಶುಶ್ರೂಷೆಯಲ್ಲಿ ಕೆಲಕಾಲ ತೊಡಗಿದರು. ಆದರೆ ಊರಿನ ವೈದ್ಯಿಕೆ ಅವರ ಮನಸ್ಸನ್ನು ಹಿಡಿದಿಡಲಿಲ್ಲ. 1907ರಲ್ಲಿ ಜರ್ಮನಿಗೆ ತೆರಳಿ, ಡಾಫ್ನಿಯಾ ಎಂಬ ಸಾಸಿವೆ ಕಾಳಿನಷ್ಟು ಗಾತ್ರದ ನೀರುಜೀವಿಯಲ್ಲಿ ಗಂಡು-ಹೆಣ್ಣುಗಳ ನಿರ್ಧಾರವಾಗುವ ಬಗೆಯನ್ನು ಕುರಿತು ಅಧ್ಯಯನ ನಡೆಸಿ 1910ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ವೈದ್ಯರಾಗಿ ರೋಗಿಗಳನ್ನು ನೋಡುವ ವೃತ್ತಿಗೆ ಅವರು ಮತ್ತೆ ಮರಳಲಿಲ್ಲವೆಂದೇ ಹೇಳಬೇಕು.

ಅದೇ ವರ್ಷ ಸೇನಾಧಿಕಾರಿಯೊಬ್ಬರ ಮಗಳಾದ ಆಂಡ್ರೊಮಾಕಿ ಮಾವ್ರೊಯೆನಿ ಅವರೊಂದಿಗೆ ವಿವಾಹವಾಯಿತು. ಮುಂದೆ ಅಮೆರಿಕದಲ್ಲಿ ಈಕೆ ಮೇರಿ ಎಂದೇ ಪರಿಚಿತರಾದರು. ಪತಿ ಮೊನಾಕೊದ ಸಾಗರ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಹಿಡಿದದ್ದು, ಬಾಲ್ಕನ್ ಯುದ್ಧ ಆರಂಭವಾದಾಗ ಗ್ರೀಸ್ ಸೇನೆಯ ವೈದ್ಯ ವಿಭಾಗದಲ್ಲಿ ಸೇವೆ ಸಲ್ಲಿಸಿದ್ದು ಮುಂದಿನ ಮೂರು ವರ್ಷಗಳ ಕಥೆ. ಯುದ್ಧಕ್ಕೆಂದು ಅಮೆರಿಕದಿಂದ ಮರಳಿ ಬಂದಿದ್ದ ಗ್ರೀಕ್ ಯುವಕರ ಬಾಯಲ್ಲಿ ಆ ದೇಶದ ವರ್ಣನೆ ಕೇಳಿ, ಅದೃಷ್ಟ ಪರೀಕ್ಷೆಗೆ ಅಲ್ಲಿಗೇ ಹೋಗುವುದೆಂದು ದಂಪತಿ ನಿಶ್ಚಯಿಸಿದರು.

1913ರ ಅಕ್ಟೋಬರ್ 19ರಂದು ಇಬ್ಬರೂ ನ್ಯೂಯಾರ್ಕ್ ಬಂದರಿನಲ್ಲಿ ಇಳಿದಾಗ ಕೈಯಲ್ಲಿದ್ದದ್ದು ಸುಮಾರು 250 ಡಾಲರ್. ಇಂಗ್ಲಿಷ್ ಬಾರದು. ಪರಿಚಯದವರಿಲ್ಲ. ಜರ್ಮನಿಯ ಡಾಕ್ಟರೇಟ್‌ಗೆ ಬಾಡಿಗೆ ಮನೆಯ ಮಾಲೀಕರ ಬಳಿ ಬೆಲೆಯಿಲ್ಲ. ಗಿಂಬೆಲ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಮೇರಿ ವಾರಕ್ಕೆ 5 ಡಾಲರ್ ಕೂಲಿಗೆ ಬಟ್ಟೆಗಳಿಗೆ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದರು. ಜಾರ್ಜ್ ಅದೇ ಅಂಗಡಿಯಲ್ಲಿ ಕಂಬಳಿ, ರತ್ನಗಂಬಳಿಗಳನ್ನು ಮಾರಲು ನಿಂತು ಒಂದೇ ದಿನಕ್ಕೆ ಬಿಟ್ಟರು. ಹೋಟೆಲುಗಳಲ್ಲಿ ಪಿಟೀಲು ನುಡಿಸಿದರು. ಗ್ರೀಕ್ ಭಾಷೆಯ ಪತ್ರಿಕೆಯೊಂದರಲ್ಲಿ ಗುಮಾಸ್ತರಾದರು. ಅವರ ಡಾಫ್ನಿಯಾ ಪ್ರಬಂಧವನ್ನು ಬಲ್ಲ ವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಅದೇ ನಗರದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದದ್ದು ಸುದೈವ. ಅವರ ಶಿಫಾರಸಿನಿಂದ ಮೊದಲು ನ್ಯೂಯಾರ್ಕ್ ಆಸ್ಪತ್ರೆಯಲ್ಲಿ, 1914ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಕೆಲಸ ದೊರೆಯಿತು. ಮೇರಿಯೂ ಅಲ್ಲಿಯೇ ಪತಿಯ ಸಹಾಯಕಿಯಾಗಿ ದುಡಿಯತೊಡಗಿದರು. ವೇತನವಿರಲಿಲ್ಲ.

ವಿಭಾಗದ ಮುಖ್ಯಸ್ಥ ಚಾರ್ಲ್ಸ್ ಸ್ಟಾಕರ್ಡ್ ಅವರ ಬಳಿ ಗಿನಿಪಿಗ್‌ಗಳ ದೊಡ್ಡ ಹಿಂಡೇ ಇತ್ತು. ಪ್ಯಾಪನಿಕೊಲಾವ್‌ಗೆ ತಮ್ಮ ಅಧ್ಯಯನಕ್ಕಾಗಿ, ಅಂಡಾಶಯದಿಂದ ಇನ್ನೇನು ಹೊರಬರಲಿರುವ ಅಂಡಾಣುಗಳು ಬೇಕಿದ್ದವು. ಆ ಗಳಿಗೆಯನ್ನು ಅರಿಯುವ ಉಪಾಯವಿಲ್ಲದ್ದರಿಂದ ಪ್ರಾಣಿಗಳನ್ನು ಕೊಂದು ನೋಡುವುದೊಂದೇ ದಾರಿಯಾಗಿತ್ತು. ಬಹಳಷ್ಟು ಸಲ ಕೊಂದದ್ದೂ ವ್ಯರ್ಥವಾಗುತ್ತಿತ್ತು. ಹೆಣ್ಣುಪ್ರಾಣಿಗಳಲ್ಲೆಲ್ಲ ಒಂದು ಬಗೆಯ ಋತುಚಕ್ರ ಇದ್ದೇ ಇರಬೇಕು, ಗಿನಿಪಿಗ್‌ನಲ್ಲಿ ಅದು ಹೊರಗೆ ಕಾಣದಷ್ಟು ಅಲ್ಪವಾಗಿರಬಹುದು ಎಂದು ಅವರು ಊಹಿಸಿದರು. ಮೂಗಿನೊಳಗೆ ನೋಡಲು ವೈದ್ಯರು ಬಳಸುವ ಪುಟ್ಟ ಸ್ಪೆಕ್ಯುಲಮ್ ಕೊಂಡು ತಂದು, ಗಿನಿಪಿಗ್‌ಗಳ ಯೋನಿಯಿಂದ ದಿನವೂ ಒಂದಿಷ್ಟು ಲೋಳೆ ತೆಗೆದು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಡಿ ಇಟ್ಟರು. ರಕ್ತ ಕಾಣಲಿಲ್ಲ, ಕಂಡದ್ದು ದಿನದಿಂದ ದಿನಕ್ಕೆ ರೂಪ ಬದಲಿಸುವ ಜೀವಕೋಶಗಳ ಮೆರವಣಿಗೆ. ಅವುಗಳ ರೂಪ ನೋಡಿಯೇ ಅಂಡಾಶಯದಲ್ಲಿ ಏನು ನಡೆಯುತ್ತಿದೆ ಎಂದು ಹೇಳಬಹುದಾಗಿತ್ತು. 1917ರಲ್ಲಿ ಸ್ಟಾಕರ್ಡ್ ಜತೆಗೂಡಿ ಪ್ರಕಟಿಸಿದ ಈ ಸಂಶೋಧನೆ ಹೆಣ್ಣು ಹಾರ್ಮೋನುಗಳ ಶೋಧಕ್ಕೆ ತಳಹದಿಯಾಯಿತು. ದೇಹವನ್ನು ಕೊಯ್ಯದೆ, ಅದು ತಾನಾಗಿಯೇ ಉದುರಿಸುವ ಜೀವಕೋಶಗಳಿಂದ ಒಳಗಿನ ಸಂಗತಿಯನ್ನು ಓದುವ ಕಲೆ ಹೀಗೆ ಕೈಗೆ ಬಂದಿತು.

ಮನುಷ್ಯರಲ್ಲಿಯೂ ಹೀಗೆಯೇ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ದಿನವೂ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಾದರಿ ಕೊಡಬಲ್ಲ ಹೆಣ್ಣೊಬ್ಬಳು ಬೇಕಾಗಿತ್ತು. 1920ರ ಸುಮಾರಿನಲ್ಲಿ ಹಾಗೆ ಮುಂದೆ ಬಂದವರು ಮೇರಿ. ಅವರು ಒಂದಲ್ಲ, ಎರಡಲ್ಲ, 21 ವರ್ಷ ಮಾದರಿ ಕೊಟ್ಟರು. ಹಬ್ಬವಿರಲಿ, ಜ್ವರವಿರಲಿ, ಮುಟ್ಟಿನ ದಿನವಿರಲಿ, ಕ್ರಮ ತಪ್ಪಬಾರದಿತ್ತು. ಆರೋಗ್ಯವಂತ ಹೆಣ್ಣಿನ ದೇಹದಲ್ಲಿ ಜೀವಕೋಶಗಳು ಹೇಗಿರುತ್ತವೆ ಎಂಬ ಅಳತೆಗೋಲು ದೊರೆತದ್ದು ಬಹುಪಾಲು ಈಕೆಯ ದೇಹದಿಂದ. ಸರಿಯಾದದ್ದು ಯಾವುದೆಂದು ಖಚಿತವಾಗಿ ತಿಳಿಯದೆ ಕೆಟ್ಟದ್ದನ್ನು ಗುರುತಿಸಲು ಸಾಧ್ಯವಿಲ್ಲವಷ್ಟೆ. ದಂಪತಿಗೆ ಮಕ್ಕಳಾಗಲಿಲ್ಲ. ಹಗಲಿಗೆ ಪ್ರಯೋಗಾಲಯದಲ್ಲಿ ಸಹಾಯಕಿ, ಸಂಜೆಗೆ ಗೃಹಿಣಿ, ಎರಡೂ ಹೊತ್ತಿನಲ್ಲಿ ಸಂಶೋಧನೆಯ ವಸ್ತು, ಇದು ಮೇರಿಯ ದಿನಚರಿ. ವೈದ್ಯವಿಜ್ಞಾನದ ಗ್ರಂಥಗಳಲ್ಲಿ ಆಕೆಗೆ ಮೀಸಲಾದ ಜಾಗ ಒಂದೆರಡು ಸಾಲು ಮಾತ್ರ. ಪರೀಕ್ಷೆಗೆ ಹೆಸರು ಕೊಟ್ಟವರು ಒಬ್ಬರು, ದೇಹ ಕೊಟ್ಟವರು ಇನ್ನೊಬ್ಬರು ಎಂಬುದನ್ನು ಇಲ್ಲಿ ನೆನೆಯದಿದ್ದರೆ ಅದು ಅನ್ಯಾಯವಾದೀತು.

1925ರಿಂದ ನ್ಯೂಯಾರ್ಕಿನ ಮಹಿಳಾ ಆಸ್ಪತ್ರೆಯ ರೋಗಿಗಳು ಹಾಗೂ ಸ್ವಯಂಸೇವಕಿಯರಿಂದ ಮಾದರಿ ಸಂಗ್ರಹಿಸುವ ಅವಕಾಶ ದೊರೆಯಿತು. ಅವರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬರ ಗಾಜಿನ ಪಟ್ಟಿಯನ್ನು ನೋಡುತ್ತಿದ್ದಾಗ ಪ್ಯಾಪನಿಕೊಲಾವ್ ಬೆರಗಾದರು. ಊದಿಕೊಂಡ, ಅಂಕುಡೊಂಕಾದ, ಗಾಢ ಬಣ್ಣದ ಜೀವಕೇಂದ್ರಗಳುಳ್ಳ ಜೀವಕೋಶಗಳು. ಮೇರಿಯ ಸಾವಿರಾರು ಪಟ್ಟಿಗಳಲ್ಲಿ ಎಲ್ಲಿಯೂ ಕಾಣದಿದ್ದವು. ತಮ್ಮ ಇಡೀ ವೃತ್ತಿಜೀವನದ ಅತ್ಯಂತ ರೋಮಾಂಚಕ ಗಳಿಗೆಗಳಲ್ಲಿ ಅದೂ ಒಂದು ಎಂದು ಅವರು ಮುಂದೆ ಸ್ಮರಿಸಿಕೊಂಡದ್ದುಂಟು. ಗಡ್ಡೆ ಬೆಳೆದು ಕಣ್ಣಿಗೆ ಕಾಣುವ ಮೊದಲೇ ಲೋಳೆಯಲ್ಲಿ ಅದರ ಸುಳಿವು ದೊರೆಯಬಹುದೆಂಬ ಊಹೆ ಅಲ್ಲಿಂದ ಮೊಳೆಯಿತು.

1928ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಈ ವಿಷಯವನ್ನು ಮಂಡಿಸಿದರು. ವೇದಿಕೆಯ ಆಯ್ಕೆಯೇ ದುರದೃಷ್ಟಕರ. ಅದು ಕ್ಯಾನ್ಸರ್ ತಜ್ಞರ ಸಭೆಯಲ್ಲ. ಮನುಕುಲದ ತಳಿ ಸುಧಾರಣೆಯ ಹೆಸರಿನಲ್ಲಿ, ಇಂದು ನಾಚಿಕೆಗೇಡೆನಿಸುವ ವಿಚಾರಗಳನ್ನು ಹರಡುತ್ತಿದ್ದವರು ಕರೆದ ಸಮ್ಮೇಳನ. ಪ್ರಬಂಧ ಅಚ್ಚಾದಾಗ ಮುದ್ರಣ ದೋಷಗಳಿದ್ದವು, ಚಿತ್ರಗಳು ಮಸುಕಾಗಿದ್ದವು. ರೋಗನಿದಾನ ತಜ್ಞರು ತಣ್ಣಗೆ ತಳ್ಳಿಹಾಕಿದರು. ಗರ್ಭಕೊರಳು ಕೈಗೆಟಕುವ ಅಂಗ, ಒಂದು ಚೂರು ಕತ್ತರಿಸಿ ಬಯಾಪ್ಸಿ ಮಾಡಿದರಾಯಿತು, ಉದುರಿದ ಬಿಡಿ ಜೀವಕೋಶ ನೋಡಿ ಕ್ಯಾನ್ಸರ್ ಹೇಳುವುದೆಂದರೇನು ಎಂಬುದು ಅವರ ವಾದ. ಆ ವಾದದಲ್ಲಿ ತರ್ಕವಿತ್ತು, ದೂರದೃಷ್ಟಿ ಇರಲಿಲ್ಲ. ಬಯಾಪ್ಸಿ ಮಾಡಿಸಲು ಬರುವವರು ರಕ್ತಸ್ರಾವವಾದ ಮೇಲೆ ಬರುವವರು. ಏನೂ ಆಗದಿದ್ದಾಗ ಯಾವ ಹೆಣ್ಣಿನ ಮಾಂಸವನ್ನು ಕತ್ತರಿಸುವುದು?

ಇದೇ ಹೊತ್ತಿಗೆ ರೊಮೇನಿಯಾದ ಔರೆಲ್ ಬಾಬೆಷ್ ಎಂಬ ವೈದ್ಯರು ಬುಕಾರೆಸ್ಟ್‌ನಲ್ಲಿ, ಪ್ಲಾಟಿನಂ ತಂತಿಯ ಕುಣಿಕೆಯಿಂದ ಗರ್ಭಕೊರಳಿನ ಜೀವಕೋಶ ತೆಗೆದು ಕ್ಯಾನ್ಸರ್ ಗುರುತಿಸುವ ವಿಧಾನವನ್ನು 1927ರಲ್ಲಿಯೇ ಮಂಡಿಸಿದ್ದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮೊದಲಿಗರು ಯಾರೆಂಬ ಚರ್ಚೆ ಇಂದಿಗೂ ನಡೆಯುತ್ತದೆ. ಇರಲಿ, ಇಬ್ಬರನ್ನೂ ಅಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದು ಮಾತ್ರ ನಿರ್ವಿವಾದ.

ಪ್ಯಾಪನಿಕೊಲಾವ್ ಜಗಳಕ್ಕೆ ಇಳಿಯುವ ಸ್ವಭಾವದವರಲ್ಲ. ಕ್ಯಾನ್ಸರ್ ವಿಷಯವನ್ನು ಬದಿಗಿರಿಸಿ ಋತುಚಕ್ರದ ಅಧ್ಯಯನಕ್ಕೆ ಹಿಂತಿರುಗಿದರು; 1933ರಲ್ಲಿ ಆ ಕುರಿತ ದೀರ್ಘ ಪ್ರಬಂಧ ಪ್ರಕಟವಾಯಿತು. ಅವರ ವ್ಯಕ್ತಿತ್ವದ ಈ ಸೌಮ್ಯತೆಯನ್ನು ಜೀವನಚರಿತ್ರೆಕಾರರು ಗುಣವೆಂದೇ ಹೊಗಳುತ್ತಾರೆ. ಆದರೆ ಹನ್ನೊಂದು ವರ್ಷಗಳ ಆ ಮೌನದ ಬೆಲೆಯನ್ನು ತೆತ್ತವರು ಬೇರೆಯವರು. ಆ ಕಾಲದ ಅಮೆರಿಕದಲ್ಲಿ ಮಹಿಳೆಯರನ್ನು ಅತಿಯಾಗಿ ಬಲಿ ತೆಗೆದುಕೊಳ್ಳುತ್ತಿದ್ದ ಕ್ಯಾನ್ಸರ್‌ಗಳಲ್ಲಿ ಗರ್ಭಕೋಶದ್ದು ಮುಂಚೂಣಿಯಲ್ಲಿತ್ತು.

1939ರಲ್ಲಿ ಸ್ಟಾಕರ್ಡ್ ನಿಧನರಾಗಿ, ಅವರ ಜಾಗಕ್ಕೆ ಬಂದ ಜೋಸೆಫ್ ಹಿನ್ಸೆ ಹಳೆಯ ಶೋಧದ ಮಹತ್ವವನ್ನು ಅರಿತು ಮತ್ತೆ ಕೈಗೆತ್ತಿಕೊಳ್ಳಲು ಹುರಿದುಂಬಿಸಿದರು. ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರಾಟ್ ಜತೆಯಾದರು. ನ್ಯೂಯಾರ್ಕ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ದಾಖಲಾಗುವ ಮಹಿಳೆಯರೆಲ್ಲರ ಮಾದರಿಯನ್ನು, ಕಾಯಿಲೆ ಯಾವುದೇ ಇರಲಿ, ತೆಗೆಯುವ ಏರ್ಪಾಡಾಯಿತು. ಫಲಿತಾಂಶ ಹಿಂದಿನ ಅನುಮಾನಗಳನ್ನೆಲ್ಲ ತೊಡೆದುಹಾಕಿತು. ಯಾವ ತೊಂದರೆಯನ್ನೂ ಹೇಳಿಕೊಳ್ಳದ, ಬರಿಗಣ್ಣಿಗೆ ಗರ್ಭಕೊರಳು ಸ್ವಚ್ಛವಾಗಿಯೇ ಕಂಡ ಮಹಿಳೆಯರಲ್ಲಿಯೂ ಕ್ಯಾನ್ಸರ್ ಜೀವಕೋಶಗಳು ಸಿಕ್ಕವು. 1941ರಲ್ಲಿ ಪ್ರಬಂಧ, 1943ರಲ್ಲಿ ಪುಸ್ತಕ ಹೊರಬಂದವು. ಪುಸ್ತಕದ ಜೀವಕೋಶಗಳ ವರ್ಣಚಿತ್ರಗಳನ್ನು ಬರೆದವರು ಹಶಿಮೆ ಮುರಾಯಾಮ ಎಂಬ ಜಪಾನಿ ಮೂಲದ ಕಲಾವಿದರು. ಯುದ್ಧಕಾಲದ ಅಮೆರಿಕದಲ್ಲಿ ಜಪಾನಿಯರ ಸ್ಥಿತಿ ಹೇಗಿತ್ತೆಂಬುದನ್ನು ಬಲ್ಲವರಿಗೆ ಈ ಸಂಗತಿ ವಿಶೇಷವೆನಿಸೀತು.

ಜೀವಕೋಶಗಳಿಗೆ ಬಣ್ಣ ಕಟ್ಟುವ ವಿಧಾನವನ್ನು 1942ರಲ್ಲಿ ಪ್ಯಾಪನಿಕೊಲಾವ್ ಅವರೇ ರೂಪಿಸಿದ್ದರು. ತೆಗೆದ ಮಾದರಿಯನ್ನು ಪಟ್ಟಿಗೆ ಸವರಿದೊಡನೆ, ಒಣಗಲು ಬಿಡದೆ, ಆಲ್ಕೋಹಾಲ್ ದ್ರಾವಣದಲ್ಲಿ ಅದ್ದಬೇಕು. ಬಳಿಕ ಬಣ್ಣದ ಹಂತಗಳು. ಕೊನೆಗೆ ತರಬೇತಾದ ಕಣ್ಣು ಸಾವಿರಾರು ಸಾಮಾನ್ಯ ಜೀವಕೋಶಗಳ ನಡುವೆ ಕೆಟ್ಟ ಹತ್ತಿಪ್ಪತ್ತನ್ನು ಹುಡುಕಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. 1947ರಲ್ಲಿ ಕೆನಡಾದ ಅರ್ನೆಸ್ಟ್ ಏರ್ ಮರದ ಪುಟ್ಟ ಕಡ್ಡಿಯೊಂದನ್ನು ರೂಪಿಸಿ, ಗರ್ಭಕೊರಳಿನಿಂದಲೇ ನೇರವಾಗಿ ಜೀವಕೋಶ ಕೆರೆಯುವುದನ್ನು ಸುಲಭಗೊಳಿಸಿದರು. ಅಮೆರಿಕದ ಕ್ಯಾನ್ಸರ್ ಸೊಸೈಟಿ ಪರೀಕ್ಷೆಯ ಬೆನ್ನಿಗೆ ನಿಂತಿತು. ಮುಂದಿನ ದಶಕಗಳಲ್ಲಿ ಆ ದೇಶದಲ್ಲಿ ಈ ರೋಗದ ಸಾವು ಅರ್ಧಕ್ಕಿಂತಲೂ ಕೆಳಗಿಳಿಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಪ್ಯಾಪ್ ಪರೀಕ್ಷೆಯ ಯಶಸ್ಸು ಸೂಕ್ಷ್ಮದರ್ಶಕದ್ದು ಮಾತ್ರವಲ್ಲ, ಅಂಚೆಯ ಕಾಗದದ್ದೂ ಹೌದು. ಒಮ್ಮೆ ಮಾಡಿದರೆ ಸಾಕಾಗುವ ಪರೀಕ್ಷೆ ಇದಲ್ಲ. ಒಂದು ಸಲ ಕಣ್ತಪ್ಪಿದ್ದು ಮೂರು ವರ್ಷಗಳ ನಂತರ ಸಿಗಬೇಕು. ಅದಕ್ಕೆ ಪ್ರತಿ ಮಹಿಳೆಯ ಹೆಸರಿರುವ ದಾಖಲೆ ಪುಸ್ತಕ, ಮನೆಗೆ ಕಾಗದ ಬರೆದು ಕರೆಸುವ ಕಚೇರಿ, ವರದಿ ಕೆಟ್ಟದ್ದಾಗಿದ್ದರೆ ಹಿಂಬಾಲಿಸುವ ಸಿಬ್ಬಂದಿ ಇರಬೇಕು. ಇಂತಹ ಏರ್ಪಾಡು ಇದ್ದ ದೇಶಗಳಲ್ಲಿ ಸಾವು ಇಳಿಯಿತು. ಇಲ್ಲದ ಕಡೆ ಪ್ಯಾಪ್ ನಗರದ ಆಸ್ಪತ್ರೆಗಳ ಪರೀಕ್ಷೆಯಾಗಿಯೇ ಉಳಿಯಿತು.

ಪ್ಯಾಪನಿಕೊಲಾವ್ ಮಾತ್ರ ಕೀರ್ತಿ ಬಂದ ಮೇಲೂ ಬದಲಾಗಲಿಲ್ಲ. ವಾರದ ಬಹುಪಾಲು ಪ್ರಯೋಗಾಲಯದಲ್ಲಿಯೇ ಕಳೆಯುತ್ತಿತ್ತು. ರಜೆ ಎಂಬುದು ಅವರಿಗೆ ಹೆಚ್ಚುಕಡಿಮೆ ಅಪರಿಚಿತ. 1950ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು. 1954ರಲ್ಲಿ ಜೀವಕೋಶಗಳ ಬೃಹತ್ ಚಿತ್ರಸಂಪುಟ ಪ್ರಕಟವಾಯಿತು. ನೊಬೆಲ್‌ಗೆ ಹೆಸರು ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ. 1961ರಲ್ಲಿ, 78ರ ವಯಸ್ಸಿನಲ್ಲಿ, ಮಯಾಮಿ ನಗರದ ಕ್ಯಾನ್ಸರ್ ಸಂಸ್ಥೆಯನ್ನು ಮುನ್ನಡೆಸಲು ನ್ಯೂಯಾರ್ಕ್ ಬಿಟ್ಟರು. ಹೊಸ ಜಾಗದಲ್ಲಿ ಕೆಲಸ ಕುದುರುವ ಮೊದಲೇ, 1962ರ ಫೆಬ್ರುವರಿ 19ರಂದು ಹೃದಯಾಘಾತದಿಂದ ನಿಧನರಾದರು. ತಾಯ್ನಾಡು 1995ರಲ್ಲಿ ಅವರ ಚಿತ್ರವನ್ನು 10,000 ಡ್ರಾಕ್ಮಾ ನೋಟಿನ ಮೇಲೆ ಮುದ್ರಿಸಿತು. ಯೂರೋ ಬಂದ ಮೇಲೆ ಆ ನೋಟೂ ಮರೆಯಾಯಿತು. ಮೇರಿ 1982ರವರೆಗೆ ಬದುಕಿದ್ದರು.

ಮೇರಿ ತೀರಿಕೊಂಡ ಮರುವರ್ಷ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರ ತಂಡ ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ 16ನೇ ಬಗೆಯನ್ನು, ಅದರ ಮುಂದಿನ ವರ್ಷ 18ನೇ ಬಗೆಯನ್ನು ಗುರುತಿಸಿತು. ಎಚ್‌ಪಿವಿ ಎಂದು ಕರೆಯಲಾಗುವ ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಅತಿ ಸಾಮಾನ್ಯ, ಬಹುತೇಕರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ. ಹೋಗದೆ ಬೇರೂರಿದವರಲ್ಲಿ ಮಾತ್ರ ಮುಂದಿನ ಅನಾಹುತ. ಗಂಡನೊಬ್ಬನನ್ನೇ ನಂಬಿ ಬದುಕಿದ ಹೆಣ್ಣಿಗೂ ಇದು ಬರಬಹುದು. ಆದ್ದರಿಂದ ರೋಗಿಯ ನಡತೆಯತ್ತ ಬೆರಳು ತೋರುವುದು ಅಜ್ಞಾನ. ಪ್ಯಾಪನಿಕೊಲಾವ್ ಜೀವನವಿಡೀ ಚಿತ್ರಿಸಿದ್ದು ವೈರಸ್ ಉಳಿಸಿಹೋದ ಹೆಜ್ಜೆಗುರುತುಗಳನ್ನು. ವೈರಸ್ಸನ್ನೇ ಅವರು ಕಾಣಲಿಲ್ಲ. ಜುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಲಭಿಸಿತು.

ಇನ್ನು ನಮ್ಮ ನೆಲದ ಮಾತು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಆರಂಭವಾದದ್ದು 1973ರಲ್ಲಿ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ. ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕವಿಡುವ ನೋಂದಣಿ 1982ರಲ್ಲಿ ಶುರುವಾಯಿತು. ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಪ್ಯಾಪ್ ಪರೀಕ್ಷೆ ನೆಲೆಯೂರಿತು. ಆದರೆ ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲದಲ್ಲಿ, ಬ್ಯಾರನ್‌ನಲ್ಲಿ ಸೊಪ್ಪು ಕಟ್ಟುವ ಹೆಣ್ಣಾಳಿಗೆ, ಕೆ.ಆರ್.ನಗರದ ಭತ್ತದ ಗದ್ದೆಯಲ್ಲಿ ನಾಟಿ ಹಾಕುವವಳಿಗೆ, ಎಚ್.ಡಿ.ಕೋಟೆಯ ಕಾಡಂಚಿನ ಹಾಡಿಯ ಜೇನುಕುರುಬರ ಹೆಣ್ಣಿಗೆ ಇದು ಎಷ್ಟು ದೂರ ಎಂದು ಲೆಕ್ಕ ಹಾಕಬೇಕು. ಈ ತಾಲ್ಲೂಕು ಕೇಂದ್ರಗಳಿಂದ ಮೈಸೂರಿಗೆ 40ರಿಂದ 70 ಕಿಲೋಮೀಟರ್. ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಇನ್ನಷ್ಟು. ಮಾದರಿ ಕೊಡಲು ಒಂದು ದಿನದ ಕೂಲಿ ಹೋಯಿತು. ವರದಿ ಬರಲು ವಾರಗಳು. ವರದಿ ತರಲು ಮತ್ತೊಂದು ಕೂಲಿ. ಏನಾದರೂ ಇದೆಯೆಂದಾದರೆ ಗರ್ಭಕೊರಳನ್ನು ದುರ್ಬೀನಿನಲ್ಲಿ ನೋಡಲು ಮೂರನೆಯ ದಿನ, ಚಿಕಿತ್ಸೆಗೆ ನಾಲ್ಕನೆಯದು. ಮೈಯಲ್ಲಿ ನೋವೇ ಇಲ್ಲದವಳು ಇಷ್ಟು ಸಲ ಬಸ್ಸು ಹತ್ತುವಳೇ? ಹತ್ತದಿದ್ದರೆ ಅದನ್ನು ಅವಳ ಉದಾಸೀನವೆನ್ನಲು ಯಾರಿಗೂ ಹಕ್ಕಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಿದ ಅತಿದೊಡ್ಡ ಪ್ರಯೋಗಗಳಲ್ಲೊಂದು ನಡೆದದ್ದು ಕರ್ನಾಟಕದ ಮಗ್ಗುಲಿನಲ್ಲೇ. ಬೀದರ್, ಕಲಬುರಗಿ ಜಿಲ್ಲೆಗಳಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1.3 ಲಕ್ಷ ಮಹಿಳೆಯರನ್ನು ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಪ್ಯಾಪ್, ಒಂದಕ್ಕೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಹಚ್ಚಿ ನೋಡುವ ಪರೀಕ್ಷೆ, ಉಳಿದ ಗುಂಪಿಗೆ ಎಂದಿನ ವೈದ್ಯಸೇವೆ. ಎಂಟು ವರ್ಷಗಳ ನಂತರ 2009ರಲ್ಲಿ ಪ್ರಕಟವಾದ ಫಲಿತಾಂಶ ಹಲವರನ್ನು ಬೆಚ್ಚಿಬೀಳಿಸಿತು. ಒಂದೇ ಸಲ ಎಚ್‌ಪಿವಿ ಪರೀಕ್ಷೆ ಮಾಡಿಸಿದ ಗುಂಪಿನಲ್ಲಿ ಸಾವು ಹತ್ತಿರ ಹತ್ತಿರ ಅರ್ಧಕ್ಕಿಳಿದಿತ್ತು. ಒಂದೇ ಸಲದ ಪ್ಯಾಪ್‌ನಿಂದ ಗಣನೀಯ ಇಳಿಕೆ ಆಗಿರಲಿಲ್ಲ. ಮೇರಿಯ ಇಪ್ಪತ್ತೊಂದು ವರ್ಷಗಳಿಂದ ಹುಟ್ಟಿದ ಪರೀಕ್ಷೆಯ ಬಲವೆಲ್ಲ ಮರುಕಳಿಕೆಯಲ್ಲಿತ್ತು. ಒಮ್ಮೆ ಮಾತ್ರ ಬರುವ ಶಿಬಿರದಲ್ಲಿ ಅದು ಸೊರಗಿತು.

ಅಸಿಟಿಕ್ ಆಮ್ಲವೆಂದರೆ ವಿನಿಗರ್‌ನ ಸಾರ. ಅದನ್ನು ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಭಾಗ ಬೆಳ್ಳಗಾಗುತ್ತದೆ. ಪ್ರಯೋಗಾಲಯ ಬೇಡ, ತರಬೇತಾದ ನರ್ಸ್ ಸಾಕು, ಫಲಿತಾಂಶ ಅಲ್ಲೇ. ಉಸ್ಮಾನಾಬಾದ್‌ನಲ್ಲಿ ಇದರಿಂದಲೂ ಸಾವು ಗಣನೀಯವಾಗಿ ಇಳಿಯಲಿಲ್ಲ. ಆದರೆ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಪ್ರಯೋಗದಲ್ಲಿ ಶೇ 35ರಷ್ಟು ಇಳಿದದ್ದು 2007ರಲ್ಲಿ ವರದಿಯಾಗಿತ್ತು. ನೋಡುವ ಕಣ್ಣಿನ ತರಬೇತಿ, ಚಿಕಿತ್ಸೆ ತಲುಪುವ ವೇಗ ಇವುಗಳ ಮೇಲೆ ಎಲ್ಲವೂ ನಿಂತಿದೆ. ಭಾರತ ಸರ್ಕಾರ 2016ರ ಮಾರ್ಗಸೂಚಿಯಲ್ಲಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ವಿಧಾನವನ್ನೇ ಸೂಚಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ, ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಗರ್ಭಕೊರಳಿನ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ಶೇ 2ಕ್ಕಿಂತಲೂ ಕಡಿಮೆ.

ತಪಾಸಣೆ ಇಲ್ಲದ ಕಡೆ ಭಯ ತುಂಬಿಕೊಳ್ಳುತ್ತದೆ. ಬಿಳಿಸೆರಗು, ಹೊಟ್ಟೆನೋವು ಎಂದು ಹೋದ ಬಡ ಹೆಣ್ಣುಮಕ್ಕಳಿಗೆ ಮುಂದೆ ಕ್ಯಾನ್ಸರ್ ಆದೀತೆಂಬ ಹೆದರಿಕೆ ಹುಟ್ಟಿಸಿ ಗರ್ಭಕೋಶವನ್ನೇ ತೆಗೆದುಹಾಕಿದ ಪ್ರಕರಣಗಳು ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ 2015ರಲ್ಲಿ ಬೆಳಕಿಗೆ ಬಂದು ಪ್ರತಿಭಟನೆಗಳಾದವು. ಕತ್ತರಿಯ ಬದಲು ಕಡ್ಡಿಯೊಂದು, ಗಾಜಿನ ಪಟ್ಟಿಯೊಂದು ಸಾಕಾಗುತ್ತಿದ್ದ ಹಂತ ಅದು. ಮಾಂಸ ಕತ್ತರಿಸುವ ಮೊದಲು ಜೀವಕೋಶ ನೋಡಿ ಎಂದದ್ದಕ್ಕೇ 1928ರಲ್ಲಿ ಪ್ಯಾಪನಿಕೊಲಾವ್ ತಿರಸ್ಕಾರ ಅನುಭವಿಸಿದ್ದು.

ಮೈಸೂರಿನಲ್ಲಿ ನೆಲೆಗೊಂಡಿರುವ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಸಂಸ್ಥೆ ಈ ಭಾಗದ ಮಹಿಳೆಯರ ನಡುವೆ ಎಚ್‌ಪಿವಿ ಕುರಿತು ಅಧ್ಯಯನಗಳನ್ನು ನಡೆಸಿದೆ. ಎಚ್‌ಪಿವಿ ಪರೀಕ್ಷೆಯ ದೊಡ್ಡ ಅನುಕೂಲವೆಂದರೆ ಮಾದರಿಯನ್ನು ಮಹಿಳೆ ತಾನೇ, ಮರೆಯಲ್ಲಿ, ಹತ್ತಿ ಸುತ್ತಿದ ಕಡ್ಡಿಯಿಂದ ತೆಗೆದುಕೊಡಬಹುದು. ಮೇಜಿನ ಮೇಲೆ ಮಲಗಬೇಕಿಲ್ಲ, ಅಪರಿಚಿತರ ಮುಂದೆ ಸೀರೆ ಸರಿಸಬೇಕಿಲ್ಲ. ಸಂಕೋಚವೇ ಅರ್ಧ ರೋಗವಾಗಿರುವ ಕಡೆ ಇದು ಸಣ್ಣ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈಗ ಶಿಫಾರಸು ಮಾಡುವುದೂ ಈ ಪರೀಕ್ಷೆಯನ್ನೇ. ಬೆಲೆ ಮಾತ್ರ ಇನ್ನೂ ಇಳಿಯಬೇಕು. ಭಾರತದಲ್ಲಿಯೇ ತಯಾರಾದ ಎಚ್‌ಪಿವಿ ಲಸಿಕೆ 2023ರ ಜನವರಿಯಲ್ಲಿ ಬಿಡುಗಡೆಯಾಗಿದೆ. ಅದನ್ನು 9ರಿಂದ 14ರ ವಯಸ್ಸಿನಲ್ಲಿ ಕೊಡಿಸುವುದು ಸೂಕ್ತ. ಆದರೆ ಈಗಾಗಲೇ ಸೋಂಕು ತಗುಲಿದ್ದರೆ ಲಸಿಕೆ ಅದನ್ನು ವಾಸಿಮಾಡದು. ಲಸಿಕೆ ಹಾಕಿಸಿಕೊಂಡವರಿಗೂ ಮೂವತ್ತು ದಾಟಿದ ಮೇಲೆ ತಪಾಸಣೆ ತಪ್ಪಿದ್ದಲ್ಲ. ಸಂಭೋಗದ ನಂತರ ರಕ್ತ, ಮುಟ್ಟಿನ ನಡುವಿನ ದಿನಗಳಲ್ಲಿ ರಕ್ತ, ಮುಟ್ಟು ನಿಂತವರಲ್ಲಿ ರಕ್ತ, ವಾಸನೆಯ ಸ್ರಾವ, ಇವುಗಳಲ್ಲಿ ಯಾವುದು ಕಂಡರೂ ಶಿಬಿರಕ್ಕೆ ಕಾಯದೆ ನೇರ ವೈದ್ಯರಲ್ಲಿಗೆ ಹೋಗಬೇಕು. ಏನೂ ಕಾಣದ ಮೂವತ್ತು ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಯಾವ ದಿನ ನಡೆಯುತ್ತದೆ ಎಂದು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಬಹುದು. ಮುಟ್ಟಿನ ದಿನಗಳನ್ನು ಬಿಟ್ಟು ಉಳಿದ ಯಾವ ದಿನವಾದರೂ ಆಗುತ್ತದೆ.